ಫೋನ್ ನಂಬರನ್ನು ಇಂಟಿಜರ್ ಆಗಿ ಉಳಿಸಬೇಡಿ

ಡೇಟಾಬೇಸಿನಲ್ಲಿ ಫೋನ್ ನಂಬರಿಗೆ ಇಂಟಿಜರ್ (ಪೂರ್ಣಾಂಕ) ಕಾಲಂ ಕೊಟ್ಟಿದ್ದರೆ ಇವತ್ತೇ ಅದನ್ನು ಪಠ್ಯ ರೂಪವಾದ ಸ್ಟ್ರಿಂಗ್‌ಗೆ ಬದಲಿಸಿ. ಫೋನ್ ನಂಬರುಗಳನ್ನು ಯಾರೂ ಕೂಡಿ ಕಳೆಯುವುದಿಲ್ಲ. ಇಂಟಿಜರ್ ಮಾಡಿದರೆ ಮೊದಲಿನ ಸೊನ್ನೆ ಮಾತ್ರ ಮಾಯವಾಗುತ್ತದೆ.

ದೇಶದ ಕೋಡ್ ಸೇರಿಸುವಾಗ ಆ ಸೊನ್ನೆಯನ್ನು ಕಣ್ಣುಮುಚ್ಚಿ ತೆಗೆಯುವುದೂ ತಪ್ಪೇ. ಬ್ರಿಟನ್ನಿನ ನಂಬರಿಗೆ ಅದು ಸರಿ. ಇಟಲಿಯ ಸ್ಥಿರ ದೂರವಾಣಿಗಾದರೆ +39ರ ನಂತರವೂ ಸೊನ್ನೆ ಇರಲೇಬೇಕು. ಹತ್ತೇ ಅಂಕಿ ಇರಬೇಕೆಂದು ಹಟ ಹಿಡಿಯುವ ರೆಜೆಕ್ಸ್ (ಪಠ್ಯದ ಮಾದರಿ ಪರೀಕ್ಷಿಸುವ ಸೂತ್ರ) ನನಗಂತೂ ಕಂಡರಾಗದು. ಫೋನ್ ನಂಬರುಗಳ ಅಂತರರಾಷ್ಟ್ರೀಯ ಮಾನದಂಡವಾದ ಇ.164ರಲ್ಲಿ ದೇಶದ ಕೋಡ್ ಸೇರಿ 15 ಅಂಕಿಗಳವರೆಗೆ ಅವಕಾಶವಿದೆ. ಗೂಗಲ್‌ನ ಲಿಬ್‌ಫೋನ್‌ನಂಬರ್ ಎಂಬ, ನಂಬರ್ ಪರೀಕ್ಷಿಸುವ ಕೋಡ್ ಲೈಬ್ರರಿ ಉಚಿತವಾಗಿ ಸಿಗುವಾಗ ಸ್ವಂತದ್ದನ್ನು ಹೆಣೆಯುವುದು ಯಾಕೋ! ಆದರೆ ನಂಬರ್ ಚಾಲ್ತಿಯಲ್ಲಿದೆಯೇ ಎಂಬುದನ್ನು ಅದು ಹೇಳಲಾರದು. ಅದಕ್ಕೆ ಒಟಿಪಿಯೇ ಬೇಕು.

ಫೋನ್ ನಂಬರನ್ನು ಪ್ರೈಮರಿ ಕೀ (ಡೇಟಾಬೇಸಿನ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಆಗಿ ಬಳಸಲೇಬೇಡಿ. ಒಬ್ಬರು ಬಿಟ್ಟ ನಂಬರನ್ನು ಕಂಪನಿಗಳು ಮತ್ತೊಬ್ಬರಿಗೆ ಕೊಡುತ್ತವೆ.