ಅಲಗು ಬಾಗಿದ ಹಳೇ ಕ್ಷೌರದ ಕತ್ತಿಗೆ ಸಾಣೆ ಹಿಡಿಯುವುದು ಹೇಗೆ?

ಸಲೂನ್‌ಗಳಲ್ಲಿ ಈಗ ಬ್ಲೇಡ್ ಸಿಕ್ಕಿಸುವ ಕತ್ತಿಗಳದ್ದೇ ಕಾರುಬಾರು. ಆದರೂ ಬೆಂಗಳೂರಿನ ಸಂಡೇ ಬಜಾರ್‌ನ ಹಳೇ ಸಾಮಾನಿನ ರಾಶಿಯಲ್ಲೋ ತಾತನ ಟ್ರಂಕಿನಲ್ಲೋ ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್ ಮುದ್ರೆಯ ಮಡಚುವ ಕತ್ತಿ ಸಿಕ್ಕರೆ ಬಿಡಬೇಡಿ. ಎಷ್ಟು ಮಸೆದರೂ ಒಂದು ಕಡೆ ಹರಿತ, ಇನ್ನೊಂದು ಕಡೆ ಮೊಂಡು ಎಂದು ಅದನ್ನು ಮೂಲೆಗೆಸೆಯುವವರು ಇದ್ದಾರೆ. ಎಷ್ಟೋ ಸಲ ಅಲಗು ಉದ್ದಕ್ಕೆ ಕೊಂಚ ಬಾಗಿರುತ್ತದೆ, ಹಾಗಾಗಿ ಚಪ್ಪಟೆ ಕಲ್ಲಿಗೆ ಪೂರ್ತಿ ತಾಗುವುದಿಲ್ಲ, ಅಷ್ಟೇ.

ಆ ಬಾಗನ್ನು ನೆಟ್ಟಗೆ ಮಾಡಲು ಮಾತ್ರ ಹೋಗಬೇಡಿ. ಹದ ಹಾಕಿದ ಉಕ್ಕು ಸುತ್ತಿಗೆ ಏಟಿಗೆ ಬಿರಿಯಬಹುದು, ಬೆಂಕಿಗೆ ಹಿಡಿದರೆ ಹದವೇ ಹೋಗುತ್ತದೆ. ಕತ್ತಿಯ ಬೆನ್ನನ್ನು ಉಜ್ಜಿ ಸಮ ಮಾಡುವುದೂ ಬೇಡ. ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿದಾಗ ಮಸೆಯುವ ಕೋನ ತಾನಾಗಿ ಸಿಗುತ್ತದೆ. ಬೆನ್ನು ಸವೆದರೆ ಆ ಕೋನವೇ ಕೆಡುತ್ತದೆ. ಬಾಗಿದ ಕತ್ತಿಯ ಬಾಗಿಗೆ ತಕ್ಕಂತೆ ನಮ್ಮ ಕೈ ಹೊರಳಬೇಕು.

ಮೊದಲು ಸ್ಪಿರಿಟ್‌ನಿಂದ ಒರೆಸಿ. ಬಾಯಿಯಲ್ಲಿ ಸೀಳು ಕಂಡರೆ ಅಲ್ಲಿಗೇ ಕೈಬಿಡಿ.

ಬಳಿಕ ಕಲ್ಲು. ಕಲ್ಲೇ ಡೊಂಕಿದ್ದರೆ ಕತ್ತಿಯನ್ನು ದೂರಿ ಫಲವಿಲ್ಲ. ದಪ್ಪ ಗಾಜಿನ ಮೇಲೆ 400ರ (ಇದು ಗ್ರಿಟ್ ನಂಬರ್, ಹೆಚ್ಚಿದಷ್ಟೂ ನುಣುಪು) ವಾಟರ್ ಪೇಪರ್ ಹಾಸಿ, ಕಲ್ಲಿನ ಮೇಲೆ ಪೆನ್ಸಿಲ್‌ನಿಂದ ಚೌಕಗೆರೆ ಎಳೆದು, ನೀರು ಬಿಟ್ಟು ಗೆರೆಯೆಲ್ಲ ಮಾಯವಾಗುವವರೆಗೆ ಉಜ್ಜಿ. ಕಲ್ಲಿನ ಚೂಪು ಅಂಚುಗಳನ್ನೂ ಸ್ವಲ್ಪ ಮೊಂಡು ಮಾಡಿ.

ಈಗ ಮುಖ್ಯ ಕೆಲಸ. ಬೆನ್ನಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿ, ಬಾಯಿಯ ಎರಡೂ ಬದಿಯ ಇಳಿಜಾರಿಗೆ ಮಾರ್ಕರ್ ಪೆನ್ ಬಳಿಯಿರಿ. ಕಲ್ಲಿನ ಮೇಲೆ ಹಗುರವಾಗಿ ಎರಡು ಸಲ ಎಳೆದು ನೋಡಿ. ಬಾಗಿದ ಅಲಗಾದರೆ ಒಂದು ಬದಿಯಲ್ಲಿ ನಡುವಿನ ಶಾಯಿ ಮಾತ್ರ ಅಳಿಸಿರುತ್ತದೆ: ಅದು ಉಬ್ಬಿದ ಬದಿ. ಇನ್ನೊಂದರಲ್ಲಿ ಬುಡ ಮತ್ತು ತುದಿಯ ಶಾಯಿ ಅಳಿಸಿ, ನಡುವೆ ಹಾಗೇ ಉಳಿದಿರುತ್ತದೆ: ಅದು ತಗ್ಗಿನ ಬದಿ. ಎರಡಕ್ಕೂ ಒಂದೇ ಮದ್ದಲ್ಲ.

ಉಬ್ಬಿದ ಬದಿಗೆ ಅಗಲದ ಕಲ್ಲೇ ಸಾಕು. ಬಾಯಿ ಮುಂದಾಗಿರಲಿ. ಬುಡದಿಂದ ಶುರುಮಾಡಿ ಓರೆಯಾಗಿ ಎಳೆಯುತ್ತಾ, ತುದಿ ಹತ್ತಿರವಾದಂತೆ ಬುಡವನ್ನು ಕೂದಲೆಳೆಯಷ್ಟು ಎತ್ತಿ ಭಾರವನ್ನು ತುದಿಯತ್ತ ಹೊರಳಿಸಿ. ತಗ್ಗಿನ ಬದಿಗೆ ಅಗಲದ ಕಲ್ಲು ಎಂದೂ ನಡುವಿಗೆ ತಾಗದು. ಸುಮಾರು ಒಂದು ಇಂಚು ಅಗಲದ ಕಲ್ಲಿನ ತುಂಡು ಬೇಕು. ಅದಿಲ್ಲದಿದ್ದರೆ ಕಲ್ಲಿನ ಪಕ್ಕೆಯನ್ನೇ ಸಮಮಾಡಿ ಬಳಸಿ. ಶಾಯಿ ಮತ್ತೆ ಮತ್ತೆ ಹಚ್ಚಿ ನೋಡುತ್ತಿರಬೇಕು. ಒತ್ತಿ ಹಿಡಿದರೆ ತೆಳು ಅಲಗು ಬಳುಕಿ, ಶಾಯಿಯೂ ಸುಳ್ಳು ಹೇಳುತ್ತದೆ.

ಇದೆಲ್ಲ ಮೊದಲು 1000ರ ಕಲ್ಲಿನಲ್ಲಿ ಮಾಡುವ ಕೆಲಸ, ಅಲ್ಲಿ ಅವಸರ ಬೇಡವೇ ಬೇಡ. ಬುಡ, ನಡು, ತುದಿ ಮೂರೂ ಕಡೆ ಮುಂಗೈ ಕೂದಲು ಕತ್ತರಿಸಿದ ಮೇಲಷ್ಟೇ 3000, 8000, 12000ಕ್ಕೆ ಹೋಗಿ. ಇಲ್ಲಿ ಬಿಟ್ಟ ಕೊರತೆಯನ್ನು ನುಣುಪು ಕಲ್ಲು ತುಂಬುವುದಿಲ್ಲ. ಕಲ್ಲು ನುಣುಪಾದಷ್ಟೂ ಕೈ ಹಗುರವಾಗಲಿ. ಟೇಪ್ ಸವೆದರೆ ಹೊಸದು ಹಾಕಿ. ಮಧ್ಯೆ ತೆಗೆದುಬಿಟ್ಟರೆ ಕೋನ ಬದಲಾಗುತ್ತದೆ.

ಇಳಿಜಾರಿನ ಗೆರೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿ ಕಂಡರೆ ಹೆದರಬೇಡಿ. ಬಾಗಿದ ಅಲಗಿನಲ್ಲಿ ಅದು ಸಹಜ, ಕ್ಷೌರಕ್ಕೆ ಏನೂ ತೊಂದರೆಯಿಲ್ಲ.

ಕೊನೆಗೆ ಟೇಪ್ ತೆಗೆದು ಚರ್ಮದ ಪಟ್ಟಿಗೆ ಎಳೆಯಿರಿ. ಇಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಕೆನ್ನೆಯ ಮೇಲೆ ನಡುಭಾಗ ಮಾತ್ರ ಕೂದಲನ್ನು ಜಗ್ಗಿದರೆ, ಟೇಪ್ ಮತ್ತೆ ಅಂಟಿಸಿ ತಗ್ಗಿನ ಬದಿಯನ್ನು ಕಿರಿದು ಕಲ್ಲಿನಲ್ಲಿ ಇನ್ನಷ್ಟು ಮಸೆಯಿರಿ. ಬಳಸಿದ ಮೇಲೆ ಒಣಗಿಸಿ ಹೊಲಿಗೆ ಯಂತ್ರದ ಎಣ್ಣೆ ಸವರಿ, ಬಚ್ಚಲುಮನೆಯಿಂದ ಹೊರಗಿಡಿ.