ರಾಜ ಸತ್ತ ರಾತ್ರಿ ರಾಣಿ ಎಲ್ಲಿ ಮಲಗಿದಳು?

ನನ್ನ ಫ್ಯಾಂಟಸಿ ಕಾದಂಬರಿಗೆಂದು ನಾನು ಕಟ್ಟಿದ ರಾಜವಂಶ 214 ವರ್ಷ ಆಳುತ್ತದೆ. 9 ರಾಜರು, ಅವರಿಗೆಲ್ಲ ಸೇರಿ 21 ಹೆಂಡತಿಯರು. ಮೊದಲ ಕರಡು ಮುಗಿದಾಗ ಗೋಡೆಗೆ ಅಂಟಿಸಿದ್ದ ವಂಶವೃಕ್ಷದಲ್ಲಿ ರಾಜರ ಚೌಕಗಳಿಗೆ ಜಾಗ ಸಾಲುತ್ತಿರಲಿಲ್ಲ. ಹುಟ್ಟಿದ ವರ್ಷ, ಪಟ್ಟವೇರಿದ ವರ್ಷ, ಗೆದ್ದ ಕೋಟೆಗಳು, ಸಾಯುವಾಗ ಆಡಿದ ಮಾತು, ಎಲ್ಲವೂ ಇತ್ತು. ರಾಣಿಯರ ಚೌಕಗಳಲ್ಲಿ ಒಂದೊಂದೇ ಸಾಲು.

ಕರಡನ್ನು ಓದಿದ ಗೆಳತಿ ಯುದ್ಧಗಳ ಬಗ್ಗೆ ಏನೂ ಹೇಳಲಿಲ್ಲ. ನಾಲ್ಕನೇ ರಾಜ ಸಾಯುವ ಅಧ್ಯಾಯವನ್ನು ತೆಗೆದು, "ಇವನು ಸತ್ತ ರಾತ್ರಿ ಇವನ ಮೂವರು ಹೆಂಡತಿಯರು ಎಲ್ಲಿ ಮಲಗಿದರು?" ಎಂದು ಕೇಳಿದಳು. ನಾಲ್ಕು ಪುಟಗಳಷ್ಟು ಚಿತೆಯ ವರ್ಣನೆ ಬರೆದಿದ್ದೆ. ಚಿತೆಯ ಸೌದೆ ಯಾವ ಕಾಡಿನದು ಎಂಬುದೂ ಅದರಲ್ಲಿತ್ತು. ಹೆಂಡತಿಯರು ಆ ನಾಲ್ಕು ಪುಟಗಳಲ್ಲಿ ಒಂದು ಕಡೆ ಅಳುತ್ತಾರೆ, ಅಷ್ಟೇ. ಆಮೇಲೆ ಏನಾದರು ಎಂದು ನನಗೇ ಗೊತ್ತಿರಲಿಲ್ಲ.

ಅಂದು ರಾತ್ರಿ ಕೂತು ಎಣಿಸಿದೆ. 21ರಲ್ಲಿ 9 ಮಂದಿ ಹೆರಿಗೆಯಲ್ಲಿ ಸತ್ತಿದ್ದರು. 4 ಮಂದಿಗೆ ವಿಷ. ಇಬ್ಬರು ತಾವೇ ಪ್ರಾಣ ಕಳೆದುಕೊಂಡಿದ್ದರು. ಉಳಿದ 6 ಚೌಕಗಳು ಖಾಲಿ. ಆ ಆರು ಹೆಂಗಸರನ್ನು ನಾನು ಮದುವೆ ಮಾಡಿಸಿ, ಮೆರವಣಿಗೆಯಲ್ಲಿ ಅರಮನೆಗೆ ತಂದು, ಅಲ್ಲೇ ಮರೆತುಬಿಟ್ಟಿದ್ದೆ. ಎರಡನೇ ಕರಡಿಗೆ ತಗುಲಿದ ಎರಡೂವರೆ ವರ್ಷ ಹೆಚ್ಚುಕಡಿಮೆ ಈ ಎಣಿಕೆಯನ್ನು ಸರಿಪಡಿಸಿದ ಕಥೆಯೇ.

ಹೆರಿಗೆಯಿಂದ ಶುರುಮಾಡಿದೆ. ನನ್ನ ವಂಶದ ರಾಜರ ರಕ್ತದಲ್ಲಿ ಬೆಂಕಿಯಿದೆ. ಆ ಬೆಂಕಿಯ ಮಗುವನ್ನು ಹೊತ್ತ ತಾಯಿ ಬೆಂದು ಸಾಯುತ್ತಾಳೆ ಎಂದು ಮೊದಲು ಬರೆದಿದ್ದೆ. ಓದಲು ಭಯಂಕರವಾಗಿತ್ತು, ಆದರೆ ಲೆಕ್ಕಕ್ಕೆ ನಿಲ್ಲುತ್ತಿರಲಿಲ್ಲ. ಪ್ರತಿ ಹೆರಿಗೆಯೂ ಸಾವೇ ಆದರೆ ಎರಡನೇ ಪೀಳಿಗೆಗೇ ಯಾವ ತವರೂ ಮಗಳನ್ನು ಕೊಡುವುದಿಲ್ಲ. ನಿಜ ಜಗತ್ತಿನ ಅಂಕಿ ಹುಡುಕಿದೆ. ಇಂಗ್ಲೆಂಡಿನ ಹಳೆಯ ಚರ್ಚ್ ದಾಖಲೆಗಳನ್ನು ಆಧರಿಸಿ ಇತಿಹಾಸಕಾರರು ಹಾಕಿರುವ ಲೆಕ್ಕದ ಪ್ರಕಾರ 100 ಹೆರಿಗೆಗೆ ಸುಮಾರು ಒಬ್ಬ ತಾಯಿ ಸಾಯುತ್ತಿದ್ದಳು, ಕೆಟ್ಟ ಕಾಲದಲ್ಲಿ ಅದು ಒಂದೂವರೆಗೆ ಏರುತ್ತಿತ್ತು. ಏಳು ಸಲ ಹೆತ್ತವಳಿಗೆ ಒಟ್ಟು ಅಪಾಯ ನೂರಕ್ಕೆ ಏಳರಿಂದ ಹತ್ತು. ಈ ಲೆಕ್ಕದಲ್ಲಿ 21 ರಾಣಿಯರಲ್ಲಿ ಹೆರಿಗೆಗೆ ಬಲಿಯಾಗಬೇಕಾದವರು ಇಬ್ಬರು. ನಾನು ಕೊಂದಿದ್ದು ಒಂಬತ್ತು ಮಂದಿಯನ್ನು. ಏಳು ಜನರನ್ನು ವಾಪಸು ಬದುಕಿಸಬೇಕಾಯಿತು. ಬದುಕಿದವರಿಗೆ ಮುಂದಿನ ಮೂವತ್ತು ನಲವತ್ತು ವರ್ಷಗಳನ್ನೂ ಕೊಡಬೇಕಾಯಿತು.

ಉಳಿಸಿಕೊಂಡ ಎರಡು ಸಾವುಗಳನ್ನೂ ಹೊಸದಾಗಿ ಬರೆದೆ. ಕಥೆಗಳಲ್ಲಿ ಮಗು ಅಳುವ ಹೊತ್ತಿಗೇ ತಾಯಿ ಕಣ್ಣು ಮುಚ್ಚುತ್ತಾಳೆ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಮೂರನೇ ಹೆಂಡತಿ ಜೇನ್ ಸೀಮೋರ್ 1537ರ ಅಕ್ಟೋಬರ್ 12ರಂದು ಗಂಡುಮಗು ಹೆತ್ತಳು, ಸತ್ತಿದ್ದು 24ರಂದು. ನಡುವೆ ಮೂರನೇ ದಿನ ಮಗುವಿನ ದೀಕ್ಷಾಸ್ನಾನ ನಡೆಯಿತು, ಬಂದವರು ಅವಳಿಗೂ ಶುಭ ಕೋರಿದರು. ಬಾಣಂತಿ ನಂಜು ಹಾಗೆಯೇ. ಅದು ಹೆರಿಗೆಯ ಗಳಿಗೆಯಲ್ಲಿ ಬರುವುದಿಲ್ಲ, ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ ಜ್ವರವಾಗಿ ಬರುತ್ತದೆ. ಸೋಂಕು ಹೆರಿಗೆ ಮಾಡಿಸುವವರ ಕೈಯಿಂದಲೇ ದಾಟುತ್ತದೆಂದು ವಿಯೆನ್ನಾದಲ್ಲಿ ವೈದ್ಯ ಸೆಮೆಲ್‌ವೈಸ್ ಕಂಡುಕೊಂಡು, ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಲು ಶುರುಮಾಡಿದ್ದು 1847ರಲ್ಲಿ. ನನ್ನ ಎರಡನೇ ರಾಜನ ಪಟ್ಟದರಸಿ ಈಗ ಹನ್ನೊಂದನೇ ದಿನ ಸಾಯುತ್ತಾಳೆ. ಹೊರಗೆ ನಗಾರಿ ಇನ್ನೂ ನಿಂತಿಲ್ಲ. ಸೂಲಗಿತ್ತಿ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಾಳೆ, ಏಕೆಂದು ಅವಳಿಗೆ ತಿಳಿಯದು. ಆ ಅಧ್ಯಾಯ ಬರೆಯುವಾಗ ನನಗೆ ಮೂರು ದಿನ ಬೇರೆ ಕೆಲಸ ಮಾಡಲಾಗಲಿಲ್ಲ.

ವಿಷದ ವಿಷಯ ಬೇಗ ಮುಗಿಯಿತು. ದೇಹದಲ್ಲಿ ಆರ್ಸೆನಿಕ್ ಇದೆಯೆಂದು ನಂಬುವಂತೆ ತೋರಿಸಬಲ್ಲ ಪರೀಕ್ಷೆಯನ್ನು ಜೇಮ್ಸ್ ಮಾರ್ಷ್ ಪ್ರಕಟಿಸಿದ್ದು 1836ರಲ್ಲಿ. ಅದಕ್ಕೆ ಮುಂಚೆ ಅರಮನೆಯಲ್ಲಿ ಯಾರಾದರೂ ಹೊಟ್ಟೆ ಹಿಡಿದುಕೊಂಡು ಸತ್ತರೆ ವಿಷ ಎಂಬ ಗುಲ್ಲು ಏಳುತ್ತಿತ್ತು, ಸಾಬೀತಾಗುತ್ತಿರಲಿಲ್ಲ. ಹಾಗಾಗಿ ನಾಲ್ಕು ವಿಷಪ್ರಾಶನಗಳನ್ನು ತೆಗೆದು ಒಂದೇ ಒಂದು ಆಪಾದನೆ ಇಟ್ಟುಕೊಂಡೆ. ಒಬ್ಬ ರಾಣಿಯನ್ನು ಅರಮನೆಯಿಂದ ಹೊರಹಾಕಲು ಆಪಾದನೆಯೇ ಸಾಕು.

ನಿಜವಾದ ತೊಡಕು ಗೆಳತಿಯ ಪ್ರಶ್ನೆಯಲ್ಲೇ ಇತ್ತು. ರಾಜ ಸತ್ತ ರಾತ್ರಿ ರಾಣಿ ಎಲ್ಲಿ ಮಲಗುತ್ತಾಳೆ ಎಂದು ಹೇಳಬೇಕಾದರೆ ಮುಂದಿನ ರಾಜ ಯಾರು, ಅವನು ಇವಳಿಗೆ ಏನಾಗಬೇಕು, ಈ ಕೋಣೆ ಯಾರದು, ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದೆಲ್ಲ ತೀರ್ಮಾನವಾಗಿರಬೇಕು. ನಾನು ಉತ್ತರಾಧಿಕಾರದ ನಿಯಮವನ್ನೇ ಮಾಡಿರಲಿಲ್ಲ. ಕಥೆಗೆ ಬೇಕಾದಂತೆ ಒಮ್ಮೆ ಹಿರಿಮಗ, ಒಮ್ಮೆ ತಮ್ಮ ಪಟ್ಟಕ್ಕೆ ಬರುತ್ತಿದ್ದರು. ಹಿರಿಮಗನಿಗೇ ಪಟ್ಟ ಎಂದಾದರೆ ರಾಣಿಯರ ನಡುವಿನ ಪೈಪೋಟಿ ಮೊದಲ ಗಂಡು ಹುಟ್ಟಿದ ದಿನಕ್ಕೆ ಬಹುಮಟ್ಟಿಗೆ ಮುಗಿಯುತ್ತದೆ. ಯಾವ ಮಗನಾದರೂ ಪಟ್ಟವೇರಬಹುದು ಎಂದಾದರೆ ರಾಜ ಸಾಯುವವರೆಗೂ ಮುಗಿಯುವುದಿಲ್ಲ, ಪ್ರತಿ ತಾಯಿಯೂ ಒಂದು ಪಕ್ಷವಾಗುತ್ತಾಳೆ.

ತುರ್ಕಿಯ ಆಟೊಮನ್ ಸುಲ್ತಾನರ ಅರಮನೆಯ ಪದ್ಧತಿ ಓದಿದಾಗ ನನಗೆ ದಾರಿ ಕಂಡಿತು. ಇಸ್ತಾಂಬುಲ್‌ನಲ್ಲಿ ಸುಲ್ತಾನ ಸತ್ತರೆ ಅವನ ಅಂತಃಪುರದ ಹೆಂಗಸರು ಟೋಪ್‌ಕಾಪಿ ಅರಮನೆ ಬಿಟ್ಟು ಹಳೆಯ ಅರಮನೆಗೆ ಹೋಗಬೇಕಿತ್ತು. ಹೊಸ ಸುಲ್ತಾನನ ತಾಯಿ ಮಾತ್ರ ಉಳಿಯುತ್ತಿದ್ದಳು, ಇಡೀ ಅಂತಃಪುರದ ಯಜಮಾನಿಯಾಗಿ. ಒಂದೇ ಸಾವು, ಒಬ್ಬಳಿಗೆ ಪಟ್ಟ, ಉಳಿದವರಿಗೆ ಗಾಡಿ. ಯಜಮಾನಿಯಾದವಳಿಗೂ ನೆಮ್ಮದಿ ಖಾಯಂ ಅಲ್ಲ. ಇಬ್ಬರು ಮಕ್ಕಳನ್ನೂ ಒಬ್ಬ ಮೊಮ್ಮಗನನ್ನೂ ಸಿಂಹಾಸನದ ಮೇಲೆ ನೋಡಿದ ಕ್ಯೋಸೆಮ್ ಸುಲ್ತಾನಳನ್ನು 1651ರಲ್ಲಿ ಅದೇ ಅರಮನೆಯೊಳಗೆ ಕತ್ತು ಹಿಸುಕಿ ಕೊಂದರು. ನನ್ನ ರಾಜ್ಯದಲ್ಲಿ ಮಂತ್ರಿ ಪರಿಷತ್ತು ರಾಜನ ಮಕ್ಕಳಲ್ಲಿ ಯಾರನ್ನಾದರೂ ಆರಿಸಬಹುದು, ಆಯ್ಕೆಗೆ ಏಳು ದಿನ ಗಡುವು ಎಂದು ನಿಯಮ ಮಾಡಿದೆ. ಆ ಏಳು ರಾತ್ರಿಗಳೇ ನನ್ನ ಕಾದಂಬರಿಯ ಜೀವಾಳವಾದವು.

ಎರಡನೆಯ ತೊಡಕು ಬಳುವಳಿ. ಹೆಣ್ಣು ತವರಿನಿಂದ ಏನು ತಂದಳು, ಅವಳು ಹೋದರೆ ಅದು ಅವಳ ಜೊತೆ ಹೋಗುತ್ತದೆಯೇ? ಅಕ್ವಿಟೇನಿನ ಎಲೆನರ್ ಬದುಕು ಪೂರ್ತಿ ಈ ಪ್ರಶ್ನೆಯ ಮೇಲೇ ತಿರುಗುತ್ತದೆ. 1152ರಲ್ಲಿ ಫ್ರಾನ್ಸಿನ ರಾಜ ಏಳನೇ ಲೂಯಿ ಜೊತೆಗಿನ ಅವಳ ಮದುವೆ ರದ್ದಾದಾಗ ಅವಳ ತವರಿನ ಸೀಮೆ ಅಕ್ವಿಟೇನ್ ಅವಳ ಜೊತೆಗೇ ಹೊರಟಿತು. ಸುಮಾರು ಎಂಟು ವಾರದಲ್ಲಿ ಅವಳು ಇನ್ನೊಬ್ಬನ ಕೈ ಹಿಡಿದಳು, ಎರಡು ವರ್ಷಕ್ಕೆ ಅವನು ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯಾದ. ಮಕ್ಕಳು ಅಪ್ಪನ ವಿರುದ್ಧ ಎದ್ದಾಗ ಅವರ ಪರ ನಿಂತದ್ದಕ್ಕೆ ಇದೇ ಗಂಡ ಅವಳನ್ನು ಹದಿನೈದು ವರ್ಷಕ್ಕೂ ಹೆಚ್ಚು ಸೆರೆಯಲ್ಲಿಟ್ಟ. ಬಿಟ್ಟುಬಿಡಲಿಲ್ಲ. ಬಿಟ್ಟರೆ ನೆಲವೂ ಹೋಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಇದನ್ನು ಓದಿದ ಮೇಲೆ ನನ್ನ ಖಾಲಿ ಚೌಕಗಳಲ್ಲಿ ಒಂದು ತಾನಾಗಿ ತುಂಬಿಕೊಂಡಿತು. ನಾಲ್ಕನೇ ರಾಜನ ಎರಡನೇ ಹೆಂಡತಿ. ಮೊದಲ ಕರಡಿನಲ್ಲಿ ಅವಳಿಗೆ ಒಂದೇ ವಾಕ್ಯ: "ಉಪ್ಪಿನ ನಾಡಿನಿಂದ ಬಂದವಳು." ಈಗ ಅವಳು ಉಪ್ಪಿನ ಗಣಿಗಳ ಸುಂಕವನ್ನು ಬಳುವಳಿಯಾಗಿ ತಂದವಳು. ಹದಿನಾರಕ್ಕೆ ಮದುವೆ, ಹತ್ತೊಂಬತ್ತಕ್ಕೆ ವಿಧವೆ, ಮಕ್ಕಳಿಲ್ಲ. ತವರಿಗೆ ಕಳಿಸಿದರೆ ಸುಂಕ ಹೋಗುತ್ತದೆ. ಮರುಮದುವೆ ಮಾಡಿಸಿದರೆ ಅದು ಇನ್ನೊಬ್ಬ ದೊರೆಯ ಪಾಲಾಗುತ್ತದೆ. ಕೊಂದರೆ ಒಪ್ಪಂದವೇ ಮುರಿದುಬೀಳುತ್ತದೆ. ಅವಳನ್ನು ಜೋಪಾನವಾಗಿ ಬದುಕಿಸಿಡುವುದೊಂದೇ ದಾರಿ. ವಿಧವೆಯರ ಮನೆಯಲ್ಲಿ ಅವಳು 58 ವರ್ಷ ಬದುಕುತ್ತಾಳೆ, ಮುಂದಿನ ಮೂರು ರಾಜರ ಪಟ್ಟಾಭಿಷೇಕ ನೋಡುತ್ತಾಳೆ. ಯಾರದೋ ಚೌಕದ ಪಕ್ಕದ ಚೌಕವಾಗಿದ್ದವಳು ಇಡೀ ಕಾದಂಬರಿಯ ನಿರೂಪಕಿಯಾದಳು.

ಅಷ್ಟು ದೀರ್ಘ ಕಾಯುವಿಕೆಯನ್ನು ಓದುಗರು ನಂಬುತ್ತಾರೆಯೇ ಎಂಬ ಅಳುಕಿತ್ತು. ಮೈಸೂರಿನ ಲಕ್ಷ್ಮಮ್ಮಣ್ಣಿಯ ಬದುಕು ಆ ಅಳುಕನ್ನು ಕಳೆಯಿತು. 1766ರಲ್ಲಿ ಗಂಡ ಇಮ್ಮಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಅಧಿಕಾರ ಹೈದರನ ಕೈಯಲ್ಲಿತ್ತು, ಆಮೇಲೆ ಟಿಪ್ಪುವಿನ ಕೈಗೆ ಹೋಯಿತು. ಆಕೆ ಅರಮನೆಯ ಕಾವಲಿನ ನಡುವೆಯೇ ತಿರುಮಲ ರಾವ್ ಅವರ ಮೂಲಕ ಇಂಗ್ಲಿಷರ ಜೊತೆ ಮಾತುಕತೆ ನಡೆಸಿದರು, 1782ರಲ್ಲಿ ಒಪ್ಪಂದ ಮಾಡಿಕೊಂಡರು. ಐದು ವರ್ಷದ ಮುಮ್ಮಡಿ ಕೃಷ್ಣರಾಜರು ಪಟ್ಟವೇರಿದ್ದು 1799ರಲ್ಲಿ. ನಡುವೆ 33 ವರ್ಷ. ಆಕೆ ಮಾಡಿದ ರಾಜಕೀಯದ ಸರಿತಪ್ಪುಗಳ ಚರ್ಚೆ ಬೇರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 33 ವರ್ಷಗಳ ಒಂದೊಂದು ಸಾಮಾನ್ಯ ಬೆಳಗು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ರಾಣಿಯರಿಗೆ ನ್ಯಾಯ ಕೊಡುವ ಹುರುಪಿನಲ್ಲಿ ಎಲ್ಲರನ್ನೂ ಚಾಣಾಕ್ಷೆಯರನ್ನಾಗಿ ಮಾಡಿದೆ. ಒಬ್ಬಳು ಗೂಢಚಾರರನ್ನು ಸಾಕುತ್ತಾಳೆ, ಒಬ್ಬಳು ಸೇನೆ ನಡೆಸುತ್ತಾಳೆ, ಒಬ್ಬಳು ಮಂತ್ರಿಗಳನ್ನು ಕುಣಿಸುತ್ತಾಳೆ. ಮಕ್ಕಳಿಲ್ಲದ ವಿಧವೆ ಪಟ್ಟವೇರಿ, ದತ್ತು ತೆಗೆದುಕೊಂಡು, ಔರಂಗಜೇಬನಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮ ನಮ್ಮ ಕಣ್ಣ ಮುಂದಿರುವಾಗ ಅದು ಅಸಾಧ್ಯವೇನಲ್ಲ. ಆದರೆ 21 ಮಂದಿಯೂ ಚೆನ್ನಮ್ಮರಾದರೆ ಚೆನ್ನಮ್ಮನ ಎತ್ತರವೇ ಕಾಣುವುದಿಲ್ಲ. ಹತ್ತು ತಿಂಗಳ ಬರವಣಿಗೆಯನ್ನು ಪಕ್ಕಕ್ಕಿಟ್ಟು, ಸುಮ್ಮನೆ ಬದುಕಿದವರನ್ನು ಮತ್ತೆ ಹುಡುಕಿಕೊಂಡು ಹೋದೆ.

ಅವರಲ್ಲಿ ನನಗೆ ಅತಿ ಕಷ್ಟ ಕೊಟ್ಟವಳು ಆರನೇ ರಾಜ ಬೇಡವೆಂದು ಬಿಟ್ಟ ಹೆಂಡತಿ. ಅವಳ ಹಿಂದೆ ಎಂಟನೇ ಹೆನ್ರಿಯ ನಾಲ್ಕನೇ ಹೆಂಡತಿ, ಕ್ಲೀವ್ಸ್‌ನ ಆನ್ ಇದ್ದಾಳೆ. 1540ರಲ್ಲಿ ಆರು ತಿಂಗಳಿಗೆ ಮದುವೆ ರದ್ದಾದಾಗ ಎದುರಾಡದೆ ಒಪ್ಪಿಕೊಂಡು, ರಾಜನ ಅಕ್ಕರೆಯ ತಂಗಿ ಎಂಬ ಸ್ಥಾನವನ್ನೂ ಮನೆಗಳನ್ನೂ ಪಡೆದು, ಹೆನ್ರಿಯ ಎಲ್ಲ ಹೆಂಡತಿಯರಿಗಿಂತ ಕೊನೆಗೆ, 1557ರಲ್ಲಿ ಸತ್ತವಳು. ತನ್ನ ಮನೆಯಲ್ಲಿ ತನ್ನ ಇಷ್ಟದಂತೆ ಇರುವ ಹೆಂಗಸಿನ ಅಧ್ಯಾಯಕ್ಕೆ ಏನು ಬರೆಯಬೇಕು? ಏಳು ಸಲ ಬರೆದು ಹರಿದೆ. ಕೊನೆಗೆ ಅವಳು ಮೊದಲ ಬಾರಿಗೆ ಯಾರ ಅಪ್ಪಣೆಯೂ ಇಲ್ಲದೆ ಕಿಟಕಿ ತೆರೆದಿಡುವ ಒಂದೂವರೆ ಪುಟ ಉಳಿಯಿತು. ಇಡೀ ಪುಸ್ತಕದಲ್ಲಿ ನನಗೆ ಪ್ರಿಯವಾದ ಪುಟಗಳು ಅವೇ.

ಮಾಂತ್ರಿಕ ಬೆಂಕಿಗೂ ಒಂದು ಬೆಲೆ ಬೇಕಿತ್ತು. ರಕ್ತ ಶುದ್ಧವಾಗಿರಬೇಕೆಂದು ನನ್ನ ವಂಶ ಒಳಗೊಳಗೇ ಮದುವೆಯಾಗುತ್ತದೆ. ಸ್ಪೇನಿನ ಹ್ಯಾಬ್ಸ್‌ಬರ್ಗ್ ಮನೆತನ ನಿಜವಾಗಿಯೂ ಹಾಗೆ ಮಾಡಿತ್ತು. ಆಸ್ಟ್ರಿಯಾದ ಮರಿಯಾನಾಳನ್ನು ರಾಜಕುಮಾರನಿಗೆ ನಿಶ್ಚಯ ಮಾಡಿದ್ದರು. 1646ರಲ್ಲಿ ಅವನು ಸತ್ತ, 1649ರಲ್ಲಿ ಅವನ ಅಪ್ಪನೇ, ಅಂದರೆ ಅವಳ ಸೋದರಮಾವ ನಾಲ್ಕನೇ ಫಿಲಿಪ್, ಅವಳನ್ನು ಮದುವೆಯಾದ. ಅವರ ಮಗ ಎರಡನೇ ಕಾರ್ಲೋಸ್ ಜೀವನಪೂರ್ತಿ ರೋಗಿ. ಅವನ ಇಬ್ಬರು ಹೆಂಡತಿಯರಿಗೂ ಮಕ್ಕಳಾಗಲಿಲ್ಲ, 1700ರಲ್ಲಿ ಅವನೊಂದಿಗೆ ಆ ಶಾಖೆ ಮುಗಿಯಿತು. ಕೆಟ್ಟದ್ದು ಮನೆತನದ ರಕ್ತ, ಬಸಿರಾಗಬೇಕಾದ ಒತ್ತಡ ಹೊರಗಿನಿಂದ ಬಂದ ಹೆಣ್ಣುಗಳ ಮೇಲೆ. ನನ್ನ ಏಳನೇ ರಾಜನ ಹೆಂಡತಿಯರ ಕಥೆ ಇಲ್ಲಿಂದ ಹುಟ್ಟಿತು.

ಇನ್ನು ಸವತಿಯರು. ಅವರು ಯಾವಾಗಲೂ ಕಚ್ಚಾಡುತ್ತಾರೆ ಎಂದು ಬರೆಯುವುದು ಸುಲಭ. ಶಾಸನಗಳಲ್ಲಿ ಅದಕ್ಕೆ ಆಧಾರವೂ ಸಿಗುತ್ತದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಯ ಹೆಸರೇ ಸವತಿಗಂಧವಾರಣ, ಸವತಿಯರ ಪಾಲಿನ ಮದ್ದಾನೆ. ಅದು ಅವಳ ಬಿರುದು. ಕಲ್ಲಿನಲ್ಲಿ ಕೊರೆಸಿ ಸಾರಿದ ಈ ಮಾತನ್ನು ಎಷ್ಟೋ ಸಲ ಓದಿದ್ದೇನೆ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು, ಮುಂದೆ ಪಟ್ಟಕ್ಕೆ ಬಂದ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ. ಬಿರುದು ಲೋಕಕ್ಕೆ ಕೇಳಿಸಲೆಂದು ಕೊರೆಸಿದ್ದು. ಒಳಮನೆಯಲ್ಲಿ ಇಬ್ಬರು ಹೆಂಗಸರು ರಾತ್ರಿ ಹೊತ್ತು ಆಡಿಕೊಂಡ ಮಾತು ಯಾವ ಕಲ್ಲಿನ ಮೇಲೂ ಇಲ್ಲ. ಕಾದಂಬರಿಕಾರರಿಗೆ ಉಳಿದಿರುವ ಜಾಗ ಅದು ಎಂದು ನನಗನ್ನಿಸಿತು.

ನಾಲ್ಕನೇ ರಾಜನ ಸಾವಿನ ಅಧ್ಯಾಯವನ್ನು ಎಲ್ಲಕ್ಕಿಂತ ಕೊನೆಗೆ ಬರೆದೆ. ಚಿತೆ ಈಗ ಅರ್ಧ ಪುಟ. ಪಟ್ಟದರಸಿಯ ಮಗನಿಗೆ ಇಪ್ಪತ್ತು ವರ್ಷ, ಕಿರಿಯವಳ ಮಗನಿಗೆ ಎರಡು. ಪರಿಷತ್ತಿಗೆ ಏಳು ದಿನ ಇದೆ. ಕತ್ತಲಾದ ಮೇಲೆ ಕಿರಿಯವಳ ಕೋಣೆಯ ಕಾವಲುಗಾರರು ಬದಲಾಗುತ್ತಾರೆ, ಹೊಸಬರ ಮುಖ ಅವಳಿಗೆ ಗುರುತಿಲ್ಲ. ಅವಳು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಣಿ ದಾಟಿ ಉಪ್ಪಿನ ನಾಡಿನವಳ ಬಾಗಿಲು ತಟ್ಟುತ್ತಾಳೆ. ಮೂರು ವರ್ಷದಲ್ಲಿ ಇಬ್ಬರೂ ಒಂದು ಒಳ್ಳೆಯ ಮಾತು ಆಡಿದವರಲ್ಲ. ಹತ್ತೊಂಬತ್ತರ ಆ ವಿಧವೆ ಬಾಗಿಲು ತೆಗೆದು, ಮಗುವನ್ನು ನೋಡಿ, ಪಕ್ಕಕ್ಕೆ ಸರಿಯುತ್ತಾಳೆ. ಅಂತಃಪುರದಲ್ಲಿ ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ ಅದೊಂದೇ. ಅವಳ ತವರಿನವರು ಒಪ್ಪಂದದಲ್ಲಿ ಸುಂಕದ ಜೊತೆ ಆ ಚಿಲಕವನ್ನೂ ಬರೆಸಿದ್ದರು.

ಆ ರಾತ್ರಿ ಮೂವರೂ ಅಲ್ಲಿ ಮಲಗಿದರು. ಮಗುವಿಗೆ ಮಾತ್ರ ನಿದ್ದೆ ಬಂತು.