ಹೊಕ್ಕುಳಬಳ್ಳಿ ರಕ್ತ: ಇಡುವುದೇ, ಕೊಡುವುದೇ, ಮಗುವಿಗೇ ಬಿಡುವುದೇ?

ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿಯುವಷ್ಟರಲ್ಲಿ ಫೋನ್ ಬರುತ್ತದೆ. 'ಮಗುವಿನ ಸ್ಟೆಮ್ ಸೆಲ್ ಇಡ್ತೀರಾ ಮೇಡಂ? ಇವತ್ತು ಬುಕ್ ಮಾಡಿದರೆ ಡಿಸ್ಕೌಂಟ್ ಉಂಟು.' ಸೀಮಂತಕ್ಕೆ ಬಂದವರಲ್ಲಿ ಒಬ್ಬರು 'ನಾವೂ ಇಟ್ಟಿದ್ದೇವೆ' ಅಂದರೆ ಮುಗಿಯಿತು, ಮನೆಯಲ್ಲಿ ಚರ್ಚೆ ಶುರು. ಹೆರಿಗೆಯಾದಾಗ ಹೊಕ್ಕುಳಬಳ್ಳಿ, ಮಾಸಿನಲ್ಲಿ ಉಳಿಯುವ ರಕ್ತದಲ್ಲಿ ಸ್ಟೆಮ್ ಸೆಲ್, ಅಂದರೆ ಹೊಸ ರಕ್ತಕಣ ಹುಟ್ಟಿಸುವ ಮೂಲಕೋಶಗಳು ಇರುತ್ತವೆ. ಮುಂದೆಂದಾದರೂ ಕಸಿಗೆ ಬೇಕಾದೀತೆಂದು ಆ ರಕ್ತವನ್ನು ಖಾಸಗಿ ಬ್ಯಾಂಕ್‌ಗಳು ಹಣ ಪಡೆದು ಅತಿ ಶೀತದಲ್ಲಿ ಇಡುತ್ತವೆ. ಇಡಬೇಕೇ ಬೇಡವೇ ಎಂಬ ತೀರ್ಮಾನವನ್ನು ಏಳನೇ ತಿಂಗಳೊಳಗೆ ಮುಗಿಸಿಕೊಳ್ಳಿ. ಹೆರಿಗೆ ನೋವಿನ ನಡುವೆ ಸಹಿ ಹಾಕುವ ಕಾಗದ ಇದಲ್ಲ.

ಮೊದಲು ಮನೆಯವರ ಕಾಯಿಲೆಗಳನ್ನು ಬರೆದುಕೊಳ್ಳಿ

ಹುಟ್ಟುವ ಮಗುವಿನ ಅಣ್ಣನಿಗೋ ಅಕ್ಕನಿಗೋ ತಲಸ್ಸೇಮಿಯಾ ಮೇಜರ್ (ಆನುವಂಶಿಕವಾಗಿ ಬರುವ ತೀವ್ರ ರಕ್ತಹೀನತೆ), ಸಿಕಲ್ ಸೆಲ್, ಅಪ್ಲಾಸ್ಟಿಕ್ ಅನೀಮಿಯಾ, ರಕ್ತದ ಕ್ಯಾನ್ಸರ್ ಅಥವಾ ಹುಟ್ಟಿನಿಂದ ಬಂದ ರೋಗನಿರೋಧಕ ಶಕ್ತಿಯ ಕೊರತೆ ಇದೆಯೇ? ಇದ್ದರೆ ಏಜೆಂಟರ ಜೊತೆ ಮಾತು ಬೇಡ. ಆ ಮಗುವನ್ನು ನೋಡುತ್ತಿರುವ ರಕ್ತರೋಗ ತಜ್ಞರನ್ನೂ ಹೆರಿಗೆ ವೈದ್ಯರನ್ನೂ ಒಟ್ಟಿಗೆ ಮಾತಾಡಿಸಿ. ಹೊಕ್ಕುಳಬಳ್ಳಿ ರಕ್ತ ನಿಜಕ್ಕೂ ಜೀವ ಉಳಿಸುವುದು ಇಂಥ ಕಡೆಯೇ. 1988ರಲ್ಲಿ ಪ್ಯಾರಿಸ್‌ನಲ್ಲಿ ವೈದ್ಯೆ ಎಲಿಯಾನ್ ಗ್ಲುಕ್‌ಮನ್ ತಂಡ ಮಾಡಿದ ಜಗತ್ತಿನ ಮೊದಲ ಕಸಿಯೂ ಇದೇ ಬಗೆಯದು: ಫ್ಯಾಂಕೋನಿ ಅನೀಮಿಯಾ ಎಂಬ ಆನುವಂಶಿಕ ರಕ್ತರೋಗ ಇದ್ದ ಐದು ವರ್ಷದ ಹುಡುಗನಿಗೆ ಆಗಷ್ಟೇ ಹುಟ್ಟಿದ ತಂಗಿಯ ರಕ್ತ.

ಒಂದೇ ತಂದೆತಾಯಿಯ ಮಕ್ಕಳಲ್ಲಿ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಕೋಶಗಳ ಗುರುತು) ಪೂರ್ತಿ ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಸ ಮಗುವಿಗೂ ಅದೇ ಕಾಯಿಲೆ ಬಂದಿರಬಹುದು. ಹಾಗಾಗಿ ಗರ್ಭಿಣಿಯಿದ್ದಾಗಿನ ಪರೀಕ್ಷೆಯ ಮಾತೂ ಮೂರನೇ ತಿಂಗಳೊಳಗೇ ಆಗಬೇಕು.

ಮನೆಯಲ್ಲಿ ಅಂಥವರು ಯಾರೂ ಇಲ್ಲವೇ? ಹಾಗಿದ್ದರೆ ಮೊದಲು ಗಂಡ-ಹೆಂಡತಿ ಇಬ್ಬರೂ ಎಚ್‌ಬಿ ಎ2 ಎಂಬ ರಕ್ತಪರೀಕ್ಷೆ ಮಾಡಿಸಿ. ತಲಸ್ಸೇಮಿಯಾ ವಾಹಕರೇ, ಅಂದರೆ ಕಾಯಿಲೆ ಇಲ್ಲದೆ ಅದರ ಜೀನ್ ಮಾತ್ರ ಹೊತ್ತವರೇ ಎಂದು ಅದು ಹೇಳುತ್ತದೆ. ಇಬ್ಬರೂ ತಲಸ್ಸೇಮಿಯಾ ವಾಹಕರಾಗಿದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ತಲಸ್ಸೇಮಿಯಾ ಮೇಜರ್ ಬರುವ ಅಪಾಯ ಶೇ 25ರಷ್ಟು. ರಕ್ತ ಇಡುವುದಕ್ಕೆ ಕೊಡುವ ದುಡ್ಡಿನ ಚೂರು ಭಾಗದಲ್ಲಿ ಈ ಪರೀಕ್ಷೆ ಆಗುತ್ತದೆ, ಪ್ರಯೋಜನವೂ ನೇರ.

'ಮಗುವಿನದ್ದು ಮಗುವಿಗೇ' ಎಂಬ ಲೆಕ್ಕ

ಕರಪತ್ರದಲ್ಲಿ ಎಪ್ಪತ್ತು-ಎಂಬತ್ತು ಕಾಯಿಲೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಬಹುಪಾಲಿಗೆ ಬೇಕಾಗುವುದು ಬೇರೆಯವರ ರಕ್ತ. ಕಾರಣ ಸರಳ. ತಲಸ್ಸೇಮಿಯಾದ ದೋಷ ಜೀನ್‌ನಲ್ಲೇ ಇರುವುದರಿಂದ ಮಗುವಿನ ಹೊಕ್ಕುಳಬಳ್ಳಿಯ ಕೋಶದಲ್ಲೂ ಅದೇ ದೋಷ ಇರುತ್ತದೆ. ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲೂ ಎಷ್ಟೋ ಸಲ ರೋಗದ ಬೀಜ ಹುಟ್ಟುವ ಮೊದಲೇ ಬಿದ್ದಿರುತ್ತದೆ. ಅದೇ ರಕ್ತ ವಾಪಸ್ ಕೊಟ್ಟರೆ ಬೀಜವನ್ನೂ ವಾಪಸ್ ಕೊಟ್ಟಂತೆ. ಮೊದಲ ಇಪ್ಪತ್ತು ವರ್ಷದಲ್ಲಿ ತನ್ನದೇ ರಕ್ತ ತನಗೆ ಬೇಕಾಗುವ ಸಾಧ್ಯತೆ 2,500ರಲ್ಲಿ ಒಂದರಿಂದ ಎರಡು ಲಕ್ಷದಲ್ಲಿ ಒಂದರವರೆಗೆ ಎಂದು ಅಂದಾಜು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ವಾಣಿಜ್ಯ ಉದ್ದೇಶದ ಖಾಸಗಿ ಸಂಗ್ರಹವನ್ನು ಶಿಫಾರಸು ಮಾಡುವುದಿಲ್ಲ. 'ಜೈವಿಕ ವಿಮೆ' ಎಂಬ ಜಾಹೀರಾತನ್ನು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ 2018ರಲ್ಲಿ ಒಪ್ಪಲಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿಗೂ ಈ ರಕ್ತ ಮದ್ದು ಎಂದು ಯಾರಾದರೂ ಹೇಳಿದರೆ, ಅದು ರೂಢಿಯ ಚಿಕಿತ್ಸೆಯಲ್ಲ, ಪ್ರಯೋಗ ಎಂದು ತಿಳಿಯಿರಿ. ಬಳ್ಳಿಯ ತುಂಡು, ಮಾಸು, ಹಾಲುಹಲ್ಲು ಇಡುತ್ತೇವೆ ಎನ್ನುವ ಪ್ಯಾಕೇಜ್‌ಗಳಿಗಂತೂ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ಅನುಮತಿಯೇ ಇಲ್ಲ.

ಪ್ರಮಾಣದ್ದು ಇನ್ನೊಂದು ತೊಡಕು. ಕಸಿಗೆ ರೋಗಿಯ ತೂಕದ ಪ್ರತಿ ಕಿಲೋಗೆ ಸುಮಾರು ಎರಡೂವರೆ ಕೋಟಿ ಕೋಶಗಳು (ನ್ಯೂಕ್ಲಿಯಸ್ ಉಳ್ಳವು) ಬೇಕು. 20 ಕಿಲೋ ಮಗುವಿಗೆ 50 ಕೋಟಿ, 60 ಕಿಲೋ ದೊಡ್ಡವರಿಗೆ 150 ಕೋಟಿ. ಒಂದು ಹೆರಿಗೆಯಲ್ಲಿ ಸಿಗುವುದು 50ರಿಂದ 150 ಮಿ.ಲೀ. ರಕ್ತ. ಚಿಕ್ಕ ಮಗುವಿಗೆ ಸಾಕಾದದ್ದು ಅದೇ ಮಗು ಕಾಲೇಜಿಗೆ ಹೋಗುವಾಗ ಸಾಲದು. ಅತಿ ಶೀತದಲ್ಲಿ ಇಟ್ಟದ್ದನ್ನು ಮತ್ತೆ ಕರಗಿಸುವಾಗ ಇನ್ನಷ್ಟು ಕೋಶ ಹೋಗುತ್ತದೆ.

ಒಂದು ನಿಮಿಷದ ಜಗಳ

ಇದನ್ನು ಏಜೆಂಟರು ಹೇಳುವುದು ಕಡಿಮೆ. ಬ್ಯಾಂಕ್‌ನವರ ಸಂಗ್ರಹದ ಬ್ಯಾಗ್‌ಗೆ ಹೋಗುವ ರಕ್ತ ಕಸದ್ದಲ್ಲ, ಮಗುವಿನದ್ದು. ಹುಟ್ಟಿದ ತಕ್ಷಣ ಬಳ್ಳಿಗೆ ಕ್ಲ್ಯಾಂಪ್ ಹಾಕದೆ ಒಂದರಿಂದ ಮೂರು ನಿಮಿಷ ಕಾದರೆ 80ರಿಂದ 100 ಮಿ.ಲೀ. ರಕ್ತ ಮಾಸಿನಿಂದ ಮಗುವಿನ ಮೈಗೆ ಸೇರುತ್ತದೆ. ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣದ ದಾಸ್ತಾನು ಅದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ ದೇಶದಲ್ಲಿ ಇದು ಸಣ್ಣ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಒಂದು ನಿಮಿಷಕ್ಕೆ ಮೊದಲು ಕ್ಲ್ಯಾಂಪ್ ಬೇಡ ಎಂದೇ.

ಕಾದಷ್ಟೂ ಬ್ಯಾಗ್‌ಗೆ ಸಿಗುವುದು ಕಡಿಮೆ. ಎರಡೂ ಪೂರ್ತಿ ಸಿಗದು. ಅಣ್ಣ-ಅಕ್ಕನಿಗೆ ಕಾಯಿಲೆ ಇಲ್ಲದ ಮನೆಯಲ್ಲಿ ನಮ್ಮ ಓಟು ಮಗುವಿಗೆ. 'ತಡವಾಗಿ ಕ್ಲ್ಯಾಂಪ್ ಮಾಡಿ' ಎಂದು ತಾಯಿ ಕಾರ್ಡಿನ ಜೊತೆ ಒಂದು ಚೀಟಿಯಲ್ಲಿ ಬರೆದಿಡಿ. ಮಗು ಅಳದಿದ್ದರೆ, ತಾಯಿಗೆ ರಕ್ತಸ್ರಾವ ಹೆಚ್ಚಿದ್ದರೆ ವೈದ್ಯರು ತಕ್ಷಣ ಕತ್ತರಿಸಬೇಕಾದೀತು. ಆಗ ವಾದ ಬೇಡ.

ದಾನ ಕೊಡುವ ಮನಸ್ಸಿದ್ದರೆ

ರಕ್ತದಾನದ ಹಾಗೆ ನಡೆದುಹೋಗಿ ಕೊಟ್ಟು ಬರುವ ವ್ಯವಸ್ಥೆ ಇದಲ್ಲ. ದಾನ ಪಡೆದು, ಹೊಂದುವ ಯಾವ ರೋಗಿಗಾದರೂ ಕೊಡುವ ಸಾರ್ವಜನಿಕ ಬ್ಯಾಂಕ್‌ನ ಜೊತೆ ಒಪ್ಪಂದ ಇರುವ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾತ್ರ ಸಾಧ್ಯ. ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆ ಇರಲಿ, ಮಣಿಪಾಲ ಇರಲಿ, ಊರಿನ ನರ್ಸಿಂಗ್ ಹೋಮ್ ಇರಲಿ, ಕೇಳಬೇಕಾದ್ದು ಒಂದೇ: 'ಇಲ್ಲಿಂದ ರಕ್ತ ಒಯ್ಯುವ ಸಾರ್ವಜನಿಕ ಬ್ಯಾಂಕ್ ಈಗ ಇದೆಯೇ?' ಇಲ್ಲ ಎಂದರೆ ಅಲ್ಲಿಗೆ ಬಿಡಿ. ಇದ್ದರೂ ಅವಳಿ ಬಸುರಿ, ದಿನ ತುಂಬದ ಹೆರಿಗೆ, ತಾಯಿಗೆ ಜ್ವರ, ಸೋಂಕು ಇದ್ದರೆ ತೆಗೆದುಕೊಳ್ಳುವುದಿಲ್ಲ. ಸಂಗ್ರಹಿಸಿದ್ದರಲ್ಲೂ ಹೆಚ್ಚಿನದನ್ನು ಕೋಶ ಸಾಲದೆಂದು ಕೈಬಿಡುತ್ತಾರೆ. ಸದಸ್ಯರೊಳಗೇ ಹಂಚಿಕೊಳ್ಳಲೆಂದು ಹಣ ಕಟ್ಟಿಸಿಕೊಳ್ಳುವ 'ಸಮುದಾಯ ಬ್ಯಾಂಕ್' ದಾನವಲ್ಲ, ಹೆಸರಿಗೆ ಮರುಳಾಗಬೇಡಿ.

ಬೇರೆಯವರಿಗೆ ನೆರವಾಗುವುದೇ ಉದ್ದೇಶವಾದರೆ ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾದಂಥ, ಸ್ಟೆಮ್ ಸೆಲ್ ದಾನ ಮಾಡಲು ಒಪ್ಪಿದ ದೊಡ್ಡವರ ನೋಂದಣಿ ಪಟ್ಟಿಗಳಿವೆ. 18 ದಾಟಿದ, ಆರೋಗ್ಯವಂತರಾದ ಅಪ್ಪ, ಮಾವ, ಚಿಕ್ಕಪ್ಪ ಕೆನ್ನೆಯ ಒಳಗಿನ ಸ್ವ್ಯಾಬ್ ಕೊಟ್ಟರೆ ಹೆಸರು ಸೇರುತ್ತದೆ.

ಆದರೂ ಇಡುವುದೇ ಎಂದಾದರೆ

ಪರವಾನಗಿ ನೋಡಿ. ಹೊಕ್ಕುಳಬಳ್ಳಿ ರಕ್ತದ ಬ್ಯಾಂಕ್‌ಗೆ ಔಷಧ ನಿಯಮಗಳಡಿ ಫಾರ್ಮ್ 28-ಎಫ್ ಲೈಸೆನ್ಸ್ ಬೇಕು. ಪ್ರತಿ ಕೇಳಿ, ಅವಧಿ ಮುಗಿದಿಲ್ಲವೇ ನೋಡಿ. ಹೇಳಿದ ದರಕ್ಕೆ ಜಿಎಸ್‌ಟಿ ಸೇರಿದೆಯೇ? ಈ ಸೇವೆಗಿದ್ದ ವಿನಾಯಿತಿ 2022ರ ಜುಲೈ 18ರಿಂದ ರದ್ದಾಗಿದೆ. ಕೋಶ ಕಡಿಮೆ ಬಂದರೆ, ಸೋಂಕು ಕಂಡರೆ ಹಣ ವಾಪಸ್ ಎಷ್ಟು? ಕಂಪನಿ ಮುಚ್ಚಿದರೆ ಬ್ಯಾಗ್ ಯಾರ ಕೈಗೆ? ಉತ್ತರ ಬಾಯಿಮಾತಿನಲ್ಲಿ ಅಲ್ಲ, ಒಪ್ಪಂದದಲ್ಲಿ ಬೇಕು.

ನಮ್ಮ ಕಡೆಯ ಒಂದು ಎಡವಟ್ಟು: ಬುಕಿಂಗ್ ಮಂಗಳೂರಿನ ಆಸ್ಪತ್ರೆಯ ಹೆಸರಲ್ಲಿ, ಹೆರಿಗೆ ತವರಿನ ಕುಂದಾಪುರದಲ್ಲಿ. ರಕ್ತ ತೆಗೆಯಲು ಬರುವವರಿಗೆ ವಿಳಾಸವೇ ಗೊತ್ತಿರುವುದಿಲ್ಲ. ಎರಡೂ ಆಸ್ಪತ್ರೆಯ ಹೆಸರು ಬರೆಸಿ. ಗಂಡ ದುಬೈಯಲ್ಲಿದ್ದರೆ ಅವರ ಸಹಿ ಬೇಕಾದಲ್ಲಿ ಮೊದಲೇ ಹಾಕಿಸಿಕೊಳ್ಳಿ. ಒಪ್ಪಿಗೆ ಮಾತ್ರ ತಾಯಿಯದ್ದೇ ಆಗಬೇಕು.

ರಕ್ತ ಸಂಗ್ರಹಿಸಲು ಕಂಪನಿ ಕೊಡುವ ಕಿಟ್ ಎಂಟನೇ ತಿಂಗಳಲ್ಲಿ ಆಸ್ಪತ್ರೆಯ ಬ್ಯಾಗಿಗೆ ಸೇರಲಿ. ಫ್ರಿಜ್ ಬೇಡ, ಬಿಸಿಲಲ್ಲಿ ನಿಂತ ಕಾರಿನಲ್ಲೂ ಬೇಡ. ಹೆರಿಗೆಯಾದ ಮೇಲೆ ಬಳ್ಳಿಗೆ ಕ್ಲ್ಯಾಂಪ್ ಹಾಕಿ ಕತ್ತರಿಸಿ, ಮಾಸಿನ ಕಡೆಯ ತುದಿಯನ್ನು ಚೆನ್ನಾಗಿ ಒರೆಸಿ ರಕ್ತನಾಳಕ್ಕೆ ಸೂಜಿ ಚುಚ್ಚುತ್ತಾರೆ. ಬ್ಯಾಗನ್ನು ತಗ್ಗಿನಲ್ಲಿ ಹಿಡಿದರೆ ರಕ್ತ ತಾನಾಗಿ ಇಳಿಯುತ್ತದೆ; ಕೆಲವು ನಿಮಿಷದ ಕೆಲಸ, ತಾಯಿಗಾಗಲಿ ಮಗುವಿಗಾಗಲಿ ನೋವಿಲ್ಲ. ಸಿಸೇರಿಯನ್‌ನಲ್ಲೂ ಆಗುತ್ತದೆ. ಇಳಿಯುತ್ತಿರುವಾಗಲೇ ಬ್ಯಾಗನ್ನು ಮೆಲ್ಲಗೆ ಅಲುಗಿಸುತ್ತಿರಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಪೂರ್ತಿ ವ್ಯರ್ಥ. ಸರಿಯಾಗಿ ಒರೆಸದಿದ್ದರೆ ಬ್ಯಾಕ್ಟೀರಿಯಾ ಸೇರುತ್ತದೆ. ತಾಯಿಯ ರಕ್ತದ ಮಾದರಿಯನ್ನೂ ತೆಗೆಯುತ್ತಾರೆ. ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ ಅದರಲ್ಲೇ. ಬ್ಯಾಗ್ ಮೇಲೆ ಹೆಸರು, ದಿನ, ಗಂಟೆ ಬರೆದದ್ದನ್ನು ಮನೆಯವರೊಬ್ಬರು ಓದಿ ನೋಡಲಿ.

ಅಲ್ಲಿಂದ 48 ಗಂಟೆಯೊಳಗೆ ಲ್ಯಾಬಿನಲ್ಲಿ ಸಂಸ್ಕರಣೆ ಮುಗಿಯಬೇಕು. ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವಾಸ. ಮಳೆಗಾಲದ ಹೆರಿಗೆಯಾದರೆ ಇದೇ ದೊಡ್ಡ ಪರೀಕ್ಷೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ರಸ್ತೆ ಬಂದ್, ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಮಳೆ ಮಂಜು ಕವಿದರೆ ವಿಮಾನ ಬೇರೆಡೆಗೆ. ಎರಡನೇ ದಾರಿ ಯಾವುದು ಎಂದು ಬುಕ್ ಮಾಡುವಾಗಲೇ ಕೇಳಿ.

ವರದಿ ಬಂದಾಗ ಒಟ್ಟು ಕೋಶಗಳ ಎಣಿಕೆ, ಸಿಡಿ34 (ಸ್ಟೆಮ್ ಸೆಲ್‌ನ ಗುರುತು ಇರುವ ಕೋಶಗಳ) ಎಣಿಕೆ, ಜೀವಂತ ಕೋಶಗಳ ಪ್ರಮಾಣ, ಸೋಂಕಿನ ಫಲಿತಾಂಶ ನಾಲ್ಕೂ ಇರಬೇಕು. 'ಯಶಸ್ವಿಯಾಗಿ ಸಂಗ್ರಹಿಸಲಾಗಿದೆ' ಎಂಬ ಒಂದು ಸಾಲು ಸಾಲದು. ಮನೆ ಬದಲಿಸಿದರೆ ಕಂಪನಿಗೆ ಲಿಖಿತವಾಗಿ ತಿಳಿಸಿ. ವರ್ಷದ ಬಿಲ್ ಹಳೇ ವಿಳಾಸಕ್ಕೆ ಹೋಗಿ ಕಂತು ತಪ್ಪಿದರೆ ಒಪ್ಪಂದ ರದ್ದು ಎಂಬ ಷರತ್ತು ಕೊನೆಯ ಪುಟದ ಸಣ್ಣಕ್ಷರದಲ್ಲಿ ಇದೆಯೇ, ಸಹಿಗೆ ಮೊದಲೇ ಹುಡುಕಿ.